ಅಗಲ ಇಪ್ಪತ್ತೇ ಅಡಿ: ಬೋಗಿ ಮನೆಯೋ, ಸಂದಿ ಬಿಟ್ಟ ಮನೆಯೋ, ನಡುವೆ ಬೆಳಕಿಂಡಿಯೋ?

ನಾನು ಬೆಳೆದದ್ದು ಹಳೇ ಹುಬ್ಬಳ್ಳಿಯ ಒಂದು ಬೋಗಿ ಮನೆಯಲ್ಲಿ. ಬೋಗಿ ಅಂದರೆ ಗೊತ್ತಲ್ವಾ, ಮುಂದೆ ಪಡಸಾಲೆ, ಅದರ ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು, ಎಲ್ಲಾ ರೈಲು ಡಬ್ಬಿಯ ಹಾಗೆ ಒಂದರ ಬೆನ್ನಿಗೆ ಒಂದು. ನಡುವಿನ ಕೋಣೆಗೆ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಎಸ್ಸೆಸ್ಸೆಲ್ಸಿ ಓದುವಾಗ ಕರೆಂಟು ಹೋದರೆ ಪುಸ್ತಕ ಹಿಡಿದು ಹೊರಗಿನ ಕಟ್ಟೆಗೆ ಓಡುತ್ತಿದ್ದೆ. ರಾತ್ರಿ ಯಾರಾದರೂ ಬಚ್ಚಲಿಗೆ ಹೋಗಬೇಕಂದರೆ ಮಲಗಿದವರ ಕಾಲು ದಾಟಿಯೇ ಹೋಗಬೇಕಿತ್ತು.

ಹಾಗಾಗಿ ಅಣ್ಣ 20×40ರ ಪ್ಲಾಟು ತಗೊಂಡಾಗ ನನಗೆ ಒಂದೇ ಚಿಂತೆ. ಮತ್ತೆ ಅದೇ ಕತ್ತಲೆ ಕೋಣೆ ಕಟ್ಟಬಾರದು. ಆರು ತಿಂಗಳು ಟೇಪು ಹಿಡಿದುಕೊಂಡು ಹುಬ್ಬಳ್ಳಿ, ಧಾರವಾಡ, ಗದಗದಲ್ಲಿರುವ ಬೀಗರು, ಗೆಳೆಯರು, ಪರಿಚಯದವರ ಮನೆಗಳನ್ನೆಲ್ಲ ಅಳೆದು ಬಂದೆ. ಚಹಾ ಕುಡಿಯಲು ಕರೆದವರ ಮನೆಯಲ್ಲೂ ಮೆಟ್ಟಿಲು ಅಳೆದಿದ್ದೇನೆ. ಆಗ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇಂಥದ್ದೇ ಪ್ಲಾಟು ಇರುವವರಿಗೆ ಉಪಯೋಗವಾಗಲಿ.

ಎಲ್ಲರೂ ಮೊದಲು ಕೇಳುವುದು "ಎಷ್ಟು ಬೆಡ್‌ರೂಮ್ ಬರ್ತಾವ?" ಅಂತ. ಅಗಲ ಕಡಿಮೆ ಇರುವ ಪ್ಲಾಟಿನಲ್ಲಿ ಈ ಪ್ರಶ್ನೆಯನ್ನು ಮೂರನೆಯದಾಗಿ ಕೇಳಿ. ಮೊದಲನೆಯದು, ಮನೆಯ ನಡುಭಾಗಕ್ಕೆ ಬೆಳಕು ಎಲ್ಲಿಂದ ಬರುತ್ತದೆ? ಎರಡನೆಯದು, ಪಾವಟಿಗೆ, ಅಂದರೆ ಮಾಳಿಗೆಗೆ ಹತ್ತುವ ಮೆಟ್ಟಿಲ ಸಾಲು, ಎಲ್ಲಿ ಏರುತ್ತದೆ? ಇವೆರಡು ಕೂತ ಮೇಲೆ ಉಳಿದ ಜಾಗದಲ್ಲಿ ಕೋಣೆಗಳು ತಾವಾಗೇ ಕೂಡುತ್ತವೆ. ಕೋಣೆ ಮೊದಲು ಕೂರಿಸಿದರೆ ಬೆಳಕಿಗೂ ಪಾವಟಿಗೆಗೂ ಉಳಿದ ಮೂಲೆಯೇ ಗತಿ.

ಇಪ್ಪತ್ತು ಅಡಿ ಅಂದರೆ ಒಳಗೆ ಎಷ್ಟು?

ಇದನ್ನು ಲೆಕ್ಕ ಹಾಕದೇ ಮಾತಾಡುವವರೇ ಜಾಸ್ತಿ. ಎರಡೂ ಕಡೆ 9 ಇಂಚಿನ ಇಟ್ಟಂಗಿ ಗೋಡೆ, ಅದರ ಮೇಲೆ ಗಿಲಾವು. ಪ್ಲಾಟಿನ ಅಂಚಿನಿಂದ ಅಂಚಿಗೆ ಕಟ್ಟಿದರೂ ಒಳಗೆ ಸಿಗುವುದು ಸುಮಾರು 18 ಅಡಿ 4 ಇಂಚು. ಒಂದು ಕಡೆ 3 ಅಡಿ ಬಿಟ್ಟರೆ 15 ಅಡಿ 4 ಇಂಚು. ಎರಡೂ ಕಡೆ ಬಿಟ್ಟರೆ 12 ಅಡಿ ಚಿಲ್ಲರೆ, ಅಂದರೆ ಒಂದೇ ಕೋಣೆಯ ಅಗಲ.

ಈಗ ಅಕ್ಕಪಕ್ಕ ಎರಡು ಕೋಣೆ ಬೇಕು ಅನ್ನಿ. ನಡುವಿನ ಗೋಡೆ ಕಳೆದರೆ ಮೊದಲನೇ ಲೆಕ್ಕದಲ್ಲಿ ತಲಾ 9 ಅಡಿಗೆ ಸ್ವಲ್ಪ ಕಡಿಮೆ, ನಡೆಯುತ್ತದೆ. ಎರಡನೇ ಲೆಕ್ಕದಲ್ಲಿ ತಲಾ 7 ಅಡಿ 5 ಇಂಚು. ರಾಷ್ಟ್ರೀಯ ಕಟ್ಟಡ ಸಂಹಿತೆ ಮುಖ್ಯ ಕೋಣೆಗೆ ಕನಿಷ್ಠ 2.4 ಮೀಟರ್ ಅಗಲ ಕೇಳುತ್ತದೆ, ಹೆಚ್ಚುಕಡಿಮೆ 8 ಅಡಿ. 6 ಅಡಿ ಅಗಲದ ಮಂಚ ಹಾಕಿ ನೋಡಿ, 7 ಅಡಿ 5 ಇಂಚಿನಲ್ಲಿ ಉಳಿಯುವುದು ಒಂದೂವರೆ ಅಡಿಗಿಂತ ಕಡಿಮೆ. ಟ್ರೆಜರಿಯ (ಬಟ್ಟೆಬರೆ ಇಡುವ ಕಪಾಟಿನ) ಬಾಗಿಲು ತೆರೆಯಲು ಮಂಚದ ಮೇಲೆ ನಿಲ್ಲಬೇಕು. ಆದ್ದರಿಂದ ಒಂದು ಕಡೆ ಸಂದಿ ಬಿಡುವುದಾದರೆ ಕೋಣೆಯ ಪಕ್ಕ ಕೋಣೆ ಬೇಡ. ಕೋಣೆಯ ಪಕ್ಕ ಬಚ್ಚಲು, ಅಥವಾ ಅಡುಗೆಮನೆಯ ಪಕ್ಕ ಬೆಳಕಿಂಡಿ (ಬೆಳಕಿಗಾಗಿ ಮೇಲೆ ತೆರೆದು ಬಿಟ್ಟ ಜಾಗ), ಹೀಗೆ ಒಂದು ದೊಡ್ಡದು ಒಂದು ಸಣ್ಣದು ಜೋಡಿಸಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟು ಜಾಗ ಬಿಡಬೇಕು ಅನ್ನುವುದು ಪ್ಲಾಟಿನ ಅಳತೆ, ರಸ್ತೆಯ ಅಗಲ ನೋಡಿ ಬದಲಾಗುತ್ತದೆ. ನಕ್ಷೆ ಬರೆಸುವ ಮುಂಚೆ ಪಾಲಿಕೆಯ ನಗರ ಯೋಜನೆ ವಿಭಾಗದಲ್ಲಿ ನಿಮ್ಮ ಪ್ಲಾಟಿಗೆ ಏನು ನಿಯಮ ಅಂತ ಕೇಳಿಕೊಳ್ಳಿ. ಬಿಡಲು ಹೇಳಿದ್ದನ್ನು ಬಿಡಲೇಬೇಕು. ಕೆಳಗಿನ ಹೋಲಿಕೆ ಅದಾದ ಮೇಲಿನ ಮಾತು.

ಬೋಗಿ ಮನೆ

ಬೋಗಿ ಮನೆಯನ್ನು ನಾನು ಪೂರ್ತಿ ಬೈಯುವುದಿಲ್ಲ. ಖರ್ಚು ಕಡಿಮೆ, ಗೋಡೆ ಕಡಿಮೆ, ಜಾಗ ಒಂದಿಷ್ಟೂ ಹಾಳಾಗುವುದಿಲ್ಲ. ನಮ್ಮ ಹಳೇ ಮನೆಯಲ್ಲಿ ಮುಂಬಾಗಿಲಿನಲ್ಲಿ ನಿಂತರೆ ಹಿತ್ತಲ ಬಾಗಿಲು ನೇರ ಕಾಣುತ್ತಿತ್ತು, ಎರಡೂ ತೆರೆದರೆ ಆಷಾಢದ ಗಾಳಿ ಮನೆಯ ತುಂಬಾ ಓಡಾಡುತ್ತಿತ್ತು. ಪ್ಲಾಟಿನ ಉದ್ದ 30 ಅಡಿಯ ಒಳಗಿದ್ದು, ಎರಡೇ ಕೋಣೆ ಸಾಕು ಅನ್ನುವವರಿಗೆ ಇದೇ ಒಳ್ಳೆಯದು. ಒಂದು ಕೋಣೆಗೆ ಮುಂದಿನಿಂದ ಬೆಳಕು, ಇನ್ನೊಂದಕ್ಕೆ ಹಿಂದಿನಿಂದ.

ತೊಂದರೆ ಶುರುವಾಗುವುದು ಮೂರನೇ ಕೋಣೆ ಸೇರಿದಾಗ. ನಡುವಿನದಕ್ಕೆ ಕಿಟಕಿಯೇ ಇಲ್ಲ, ಮತ್ತು ಅದು ಕೋಣೆಯಾಗಿ ಉಳಿಯುವುದೂ ಇಲ್ಲ, ಹಾದಿಯಾಗುತ್ತದೆ. ಮನೆಯಲ್ಲಿ ಹೊಸದಾಗಿ ಮದುವೆಯಾದವರೋ, ಓದುವ ಮಕ್ಕಳೋ, ಬಾಣಂತಿಯೋ ಇದ್ದರೆ ಆ ಕೋಣೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಪಕ್ಕದಲ್ಲಿ ಸಂದಿ

ಒಂದು ಕಡೆ ಉದ್ದಕ್ಕೂ 3 ಅಡಿ ಬಿಡುವುದು. 40 ಅಡಿ ಉದ್ದಕ್ಕೆ ಇದು 120 ಚದರ ಅಡಿ, 800 ಚದರ ಅಡಿಯ ಪ್ಲಾಟಿನಲ್ಲಿ 15 ಪರ್ಸೆಂಟ್. ಸಣ್ಣ ಮಾತಲ್ಲ. ಇಷ್ಟು ಕೊಟ್ಟು ಏನು ಸಿಗುತ್ತದೆ ಅಂತ ನೋಡಬೇಕು.

ಬೆಳಕು ಅಂದುಕೊಂಡಷ್ಟು ಸಿಗುವುದಿಲ್ಲ. ಬಾಜು ಮನೆಯವರು ಎರಡು ಮಾಳಿಗೆ ಏರಿಸಿದರೆ ನಿಮ್ಮ ಕಿಟಕಿಯ ಎದುರು ಬರೀ ಅವರ ಗೋಡೆ. ಹಾಗಾದರೂ ಒಂದು ಉಪಾಯ ಇದೆ. ಬಾಜು ಮನೆಯವರು ಯಾವ ಕಡೆ ಜಾಗ ಬಿಟ್ಟಿದ್ದಾರೋ ಅದೇ ಕಡೆಗೆ ನೀವೂ ಬಿಡಿ. ಅವರ 3, ನಿಮ್ಮ 3, ಒಟ್ಟು 6 ಅಡಿಯ ಸಂದಿಯಾಗುತ್ತದೆ, ಬೆಳಕೂ ಗಾಳಿಯೂ ಇಬ್ಬರಿಗೂ. ಸುಮ್ನೆ ವಾಸ್ತು ಪುಸ್ತಕ ನೋಡಿ ಆ ಕಡೆ ಈ ಕಡೆ ಅನ್ನುವ ಮುಂಚೆ ಪಕ್ಕದ ಗೋಡೆ ನೋಡಿ. ಕಿಟಕಿಗಳು ಮಾತ್ರ ಎದುರಾ ಬದುರಾ ಬರದ ಹಾಗೆ ಒಂದೆರಡು ಅಡಿ ಸರಿಸಿ.

ಸಂದಿಯ ನಿಜವಾದ ಲಾಭ ಬೇರೆ, ಅದು ಪೈಪು. ಹಿಂದಿನ ಬಚ್ಚಲಿನ ನೀರು ಮುಂದಿನ ರಸ್ತೆಯ ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಹೋಗಬೇಕಲ್ವಾ? 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿಯ ಇಳಿಜಾರು ಕೊಡುವುದು ರೂಢಿ. ಸಂದಿ ಇದ್ದರೆ ಆ ಪೈಪು ಹೊರಗೇ ಹೋಗುತ್ತದೆ, ಚೇಂಬರುಗಳೂ ಹೊರಗೆ. ಸಂದಿ ಇಲ್ಲದಿದ್ದರೆ ಅದು ಪಡಸಾಲೆಯ ಫರಸಿ ಕೆಳಗೆ ಹೋಗುತ್ತದೆ. ಧಾರವಾಡದಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಚೇಂಬರಿನ ಮುಚ್ಚಳ ಸೋಫಾದ ಕೆಳಗೆ ಇದೆ. ಒಮ್ಮೆ ಕಟ್ಟಿಕೊಂಡಾಗ, ಅದೂ ಗಣಪತಿ ಕೂರಿಸಿದ ದಿನ, ಸೋಫಾ ಎತ್ತಿ ಹೊರಗಿಟ್ಟು ಮುಚ್ಚಳ ತೆಗೆಯಬೇಕಾಯಿತು. ಆ ಮನೆಯವರ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಸಂದಿ ಬಿಡಲು ಆಗುವುದೇ ಇಲ್ಲ ಅಂದರೆ ಬಚ್ಚಲು, ಪಾಯಖಾನೆಯನ್ನು ಮುಂಭಾಗಕ್ಕೆ ತನ್ನಿ. ನೋಡಲು ಚಂದ ಅಲ್ಲ ಅನ್ನಿಸಬಹುದು, ಆದರೆ ಮನೆಯ ಹೊಟ್ಟೆಯೊಳಗೆ ಪೈಪು ಎಳೆಯುವುದು ತಪ್ಪುತ್ತದೆ.

ನಡುವೆ ಬೆಳಕಿಂಡಿ

ಇದು ನನ್ನ ಮನಸ್ಸಿಗೆ ಹತ್ತಿರವಾದದ್ದು. ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಇದು ಮೊದಲಿಂದ ಇದೆ, ನಡುಮನೆಯ ಮೇಲೆ ಒಂದು ಬೆಳಕಿಂಡಿ, ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಮುಚ್ಚಿ ಬರಬೇಕು. ಈಗಿನ ಎಂಜಿನಿಯರುಗಳು ಇದನ್ನೇ ಓಟಿಎಸ್ (ಓಪನ್ ಟು ಸ್ಕೈ) ಅನ್ನುತ್ತಾರೆ.

5×8 ಅಡಿಯದು ಬಿಟ್ಟರೆ ಹೋಗುವುದು 40 ಚದರ ಅಡಿ, ಪ್ಲಾಟಿನ 5 ಪರ್ಸೆಂಟ್. ಸಂದಿಗೆ ಹೋಗುವ ಜಾಗದ ಮೂರನೇ ಒಂದು ಭಾಗ. ಆದರೆ ಅದರ ಸುತ್ತಲಿನ ಮೂರು ಜಾಗಕ್ಕೆ ಬೆಳಕು ಬರುತ್ತದೆ. ನಮ್ಮ ಊರುಗಳು ಸುಮಾರು 15 ಡಿಗ್ರಿ ಅಕ್ಷಾಂಶದ ಮೇಲೆ ಇವೆ. ಮೇ ತಿಂಗಳ ಮೊದಲಲ್ಲಿ ಮತ್ತು ಆಗಸ್ಟ್ ನಡುವಿನ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ಮೇಲಿನ ಬೆಳಕು ನೇರ ಕೆಳಗೆ ಇಳಿಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿ 51 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಗ ಎರಡು ಮಾಳಿಗೆಯ ಮನೆಯ ತಳಕ್ಕೆ ಬಿಸಿಲು ಮುಟ್ಟುವುದಿಲ್ಲ, ಗೋಡೆಗೆ ಬಡಿದು ಬಂದ ಬೆಳಕಷ್ಟೇ. ಅದಕ್ಕೇ ಒಳಗಿನ ಗೋಡೆಗಳಿಗೆ ಬಿಳಿ ಬಣ್ಣವೇ ಬಳಿಯಿರಿ.

3×3, 4×4 ಬಿಟ್ಟು "ಬೆಳಕಿಂಡಿ ಐತಿ" ಅನ್ನುವವರನ್ನೂ ನೋಡಿದ್ದೇನೆ. ಒಂದೇ ಮಾಳಿಗೆಗೆ ಅದು ನಡೆಯಬಹುದು. ಮೇಲೆ ಇನ್ನೊಂದು ಮನೆ ಎದ್ದರೆ ಅದು ಬಾವಿಯಾಗುತ್ತದೆ.

ಇದರಲ್ಲಿ ಆಗುವ ತಪ್ಪುಗಳು ನಾಲ್ಕೈದು. ಮೇಲೆ ಪಾಲಿಕಾರ್ಬೊನೇಟ್ ಹಾಳೆ ಹಾಕಿ ಸುತ್ತ ಮುಚ್ಚಿಬಿಡುತ್ತಾರೆ, ಏಪ್ರಿಲಿನಲ್ಲಿ ಮನೆ ಒಲೆಯಾಗುತ್ತದೆ. ಹಾಳೆಯನ್ನು ಒಂದೂವರೆ ಅಡಿ ಎತ್ತಿ, ನಾಲ್ಕೂ ಕಡೆ ತೆರೆದೇ ಬಿಡಿ, ಅಂಚು ಒಂದು ಅಡಿ ಹೊರಗೆ ಚಾಚಿರಲಿ. ಕೆಳಗೆ ಗಟ್ಟಿ ಗ್ರಿಲ್ ಹಾಕಿಸಿ, ಮಂಗಗಳಿಗೂ ಕಳ್ಳರಿಗೂ. ನೆಲದಲ್ಲಿ ಜಾಲಿ, ನೀರು ಹೋಗಲು ಬೇರೆಯದೇ ಪೈಪು. ಇನ್ನೊಂದು, ಪಾಯಖಾನೆಯ ಕಿಂಡಿಯನ್ನು ಅಡುಗೆಮನೆಯ ಕಿಟಕಿ ತೆರೆಯುವ ಅದೇ ಬೆಳಕಿಂಡಿಗೆ ಯಾವತ್ತೂ ಇಡಬೇಡಿ. ನಕ್ಷೆಯಲ್ಲಿ ಅದು ಬರೀ ಎರಡು ಗೆರೆ, ಮನೆಯಲ್ಲಿ ಮೂರು ಹೊತ್ತೂ ವಾಸನೆ. ಮತ್ತು ಶಬ್ದ. ಮೇಲಿನ ಬಾಡಿಗೆಯವರ ಟೀವಿ, ಜಗಳ, ಎಲ್ಲಾ ಕೆಳಗೆ ಕೇಳುತ್ತದೆ. ಮೇಲೆ ಬಾಡಿಗೆಗೆ ಕೊಡುವುದು ಖಚಿತವಿದ್ದರೆ ಮೇಲಿನ ಮನೆಯ ಕಿಟಕಿಗಳನ್ನು ಆ ಕಡೆ ಕಡಿಮೆ ಮಾಡಿ.

ಕೆಳಗೆ ಗಾಡಿ, ಮೇಲೆ ಮನೆ

ಕಾರು ಇದ್ದವರು ಇದನ್ನು ಕೇಳುತ್ತಾರೆ. ಸಣ್ಣ ಕಾರು ನಿಲ್ಲಿಸಿ ಬಾಗಿಲು ತೆರೆದು ಇಳಿಯಲು 9×15 ಅಡಿ ಬೇಕು. 20 ಅಡಿಯ ಮುಖದಲ್ಲಿ ಅರ್ಧ ಅದಕ್ಕೇ ಹೋಯಿತು. ಪಡಸಾಲೆ, ಅಡುಗೆ ಮೇಲಿನ ಮಾಳಿಗೆಗೆ ಹೋಗುತ್ತವೆ. ಬೆಳಕು, ಗಾಳಿ ಮೇಲೆ ನಿಜವಾಗಿಯೂ ಚೆನ್ನಾಗಿರುತ್ತದೆ, ಧೂಳು ಕಡಿಮೆ.

ಆದರೆ ಮನೆಯಲ್ಲಿ ವಯಸ್ಸಾದವರು ಇದ್ದಾರಾ ಅಂತ ಕೇಳಿಕೊಳ್ಳಿ. ನನ್ನ ಅವ್ವ ಸಂಜೆ ಬಾಗಿಲ ಕಟ್ಟೆ ಮೇಲೆ ಕೂತು ಓಣಿಯವರ ಜೊತೆ ಮೆಂತೆ ಸೋಸುತ್ತಾ ಮಾತಾಡದಿದ್ದರೆ ರಾತ್ರಿ ಊಟ ಸೇರುವುದಿಲ್ಲ. ಅವಳನ್ನು ಮೇಲೆ ಕೂರಿಸಿದರೆ ಏನಾಗುತ್ತದೆ ಅಂತ ನಮಗೆ ಗೊತ್ತಿತ್ತು. ಅಣ್ಣ ಕಾರಿನ ಆಸೆ ಬಿಟ್ಟ. ನಿಮಗೆ ಕಾರು ಬೇಕೇಬೇಕು ಅಂದರೆ ಕೆಳಗೆ ಕಾರಿನ ಹಿಂದೆ ಒಂದು ಕೋಣೆ, ಒಂದು ಬಚ್ಚಲನ್ನಾದರೂ ದೊಡ್ಡವರಿಗಾಗಿ ಇಡಿ.

ಪಾವಟಿಗೆ

ಗದಗಿನಲ್ಲಿ ನಮ್ಮ ಕಾಕಾನ ಮನೆ. ಚಂದದ ಮನೆ, ನಕ್ಷೆಯಲ್ಲಿ ಎಲ್ಲಾ ಕೂರಿಸಿದ ಮೇಲೆ ಉಳಿದ ಮೂಲೆಯಲ್ಲಿ ಪಾವಟಿಗೆ. ಟೇಪು ಹಿಡಿದೆ. ಒಂದೊಂದು ಮೆಟ್ಟಿಲ ಎತ್ತರ 8 ಮುಕ್ಕಾಲು ಇಂಚು, ಕಾಲಿಡುವ ಜಾಗ 9 ಇಂಚು. ಅರವತ್ತು ದಾಟಿದ ಕಾಕು ಮಾಳಿಗೆ ಹತ್ತುವುದನ್ನೇ ಬಿಟ್ಟಿದ್ದಾಳೆ. ಹಪ್ಪಳ, ಸಂಡಿಗೆ ಈಗ ಮುಂದಿನ ಕಟ್ಟೆಯ ಮೇಲೆ, ರಸ್ತೆಯ ಧೂಳಿನಲ್ಲಿ ಒಣಗುತ್ತವೆ. ಇದನ್ನು ನೋಡಿ ಬಂದ ಮೇಲೆ ನಾನು ಎಲ್ಲರಿಗೂ ಹೇಳುವುದು ಒಂದೇ, ಪಾವಟಿಗೆಯ ಲೆಕ್ಕ ಮೊದಲು ಮಾಡಿ.

ಲೆಕ್ಕ ಸುಲಭ. ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ ಅಂದರೆ 126 ಇಂಚು. 7 ಇಂಚಿನ ಹಾಗೆ 18 ಏರು. ಕಾಲಿಡುವ ಜಾಗ 10 ಇಂಚು. ನೇರ ಏರಿದರೆ 17 ಮೆಟ್ಟಿಲು, 14 ಅಡಿ 2 ಇಂಚು ಉದ್ದ, 3 ಅಡಿ ಅಗಲ. ಜಾಗ ಸುಮಾರು 43 ಚದರ ಅಡಿ. ನಡುವೆ ತಿರುಗಿಸಿದರೆ 9 ಅಡಿ 8 ಇಂಚು ಉದ್ದ, 6 ಅಡಿ 4 ಇಂಚು ಅಗಲ, ಅಂದರೆ ಸುಮಾರು 61 ಚದರ ಅಡಿ. ನೇರದ್ದು ಜಾಗ ಉಳಿಸುತ್ತದೆ, ಉದ್ದ ಗೋಡೆಗೆ ಅಂಟಿಕೊಂಡು ಹೋಗುವುದರಿಂದ ಅಗಲ ಕಡಿಮೆಯ ಮನೆಗೆ ಹೊಂದುತ್ತದೆ. ತಿರುಗಿಸಿದ್ದು ಜಾಗ ತಿನ್ನುತ್ತದೆ, ಆದರೆ ನಡುವೆ ನಿಂತು ಉಸಿರು ಬಿಡಬಹುದು, ಕಾಲು ಜಾರಿದರೆ ಕೆಳತನಕ ಉರುಳುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ನನ್ನ ಮಾತು ತಿರುಗಿಸಿದ್ದಕ್ಕೇ.

ಒಳಗೋ ಹೊರಗೋ? ಮುಂದೊಂದು ದಿನ ಮೇಲೆ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಹೊರಗೆ. ಧಾರವಾಡದಲ್ಲಂತೂ ಓದುವ ಹುಡುಗರು ಮನೆ ಹುಡುಕುತ್ತಲೇ ಇರುತ್ತಾರೆ. ಮೇಲೂ ನಿಮ್ಮದೇ ಮಕ್ಕಳು ಇರುವುದಾದರೆ ಒಳಗೆ. ಎರಡೂ ಗೊತ್ತಿಲ್ಲ ಅಂದರೆ ಮುಂದಿನ ಮೂಲೆಯಲ್ಲಿಟ್ಟು ಎರಡು ಬಾಗಿಲು ಕೊಡಿ, ಒಂದು ಪಡಸಾಲೆಯಿಂದ, ಒಂದು ಅಂಗಳದಿಂದ. ಯಾವುದು ಬೇಡವೋ ಅದಕ್ಕೆ ಬೀಗ.

ರಸ್ತೆ ಯಾವ ಕಡೆ, ಮಣ್ಣು ಯಾವುದು

ನಮ್ಮ ಕಡೆ ಮುಂಗಾರಿನ ಗಾಳಿ ಮಳೆ ಎರಡೂ ಪಡುವಣದಿಂದ, ಬೇಸಿಗೆಯ ಇಳಿಹೊತ್ತಿನ ಸುಡು ಬಿಸಿಲೂ ಪಡುವಣದಿಂದ. ರಸ್ತೆ ಪಶ್ಚಿಮಕ್ಕಿದ್ದರೆ ಪಾವಟಿಗೆ, ಗಾಡಿ ನಿಲ್ಲಿಸುವ ಜಾಗ ಮುಂದೆ ಬರಲಿ, ಮಲಗುವ ಕೋಣೆ ಹಿಂದೆ. ರಸ್ತೆ ಪೂರ್ವಕ್ಕಿದ್ದರೆ ಉಲ್ಟಾ, ಹಿಂದಿನ ಗೋಡೆಗೆ ಬಚ್ಚಲು, ಉಗ್ರಾಣ ಬರಲಿ. ಉತ್ತರ, ದಕ್ಷಿಣಕ್ಕೆ ರಸ್ತೆ ಇದ್ದರೆ ಪಡುವಣದ ಉದ್ದ ಗೋಡೆಯನ್ನು ಬಾಜು ಮನೆಯೇ ಕಾಯುತ್ತದೆ, ಅವರು ಕಟ್ಟಿದ್ದರೆ.

ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಎರೆ ಭೂಮಿ ಜಾಸ್ತಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಪಾಯ ಅದನ್ನು ದಾಟಿ ಗಟ್ಟಿ ಗರಸಿಗೆ ಮುಟ್ಟಬೇಕು. ಅಗೆದ ಎರೆ ಮಣ್ಣನ್ನೇ ಮತ್ತೆ ನೆಲದ ಕೆಳಗೆ ತುಂಬಲು ಬಿಡಬೇಡಿ, ಗರಸು ತರಿಸಿ. ಅಂಚಿಗೆ ಕಟ್ಟುವಾಗ ಕಂಬದ ಪಾಯ ಬಾಜು ಪ್ಲಾಟಿಗೆ ಚಾಚುವ ಹಾಗಿಲ್ಲ, ಒಂದು ಕಡೆಗೇ ವಾಲಿಸಿ ತೊಲೆಯಿಂದ ಕಟ್ಟಬೇಕಾಗುತ್ತದೆ. ಇದನ್ನು ಸ್ಟ್ರಕ್ಚರಲ್ ಎಂಜಿನಿಯರಿಗೇ ಬಿಡಿ, ಇಲ್ಲಿ ಉಳಿತಾಯ ಬೇಡ.

ನೀರಿನ ತೊಟ್ಟಿ ಮರೆಯುವವರು ನಮ್ಮ ಊರಲ್ಲಿ ಯಾರೂ ಇಲ್ಲ, ಅಳತೆ ಮಾತ್ರ ತಪ್ಪುತ್ತಾರೆ. ತಲೆಗೆ ದಿನಕ್ಕೆ 135 ಲೀಟರ್ ಹಿಡಿಯಿರಿ. ಆರು ಜನ, ನೀರು ಬರುವುದು ಆರು ದಿನಕ್ಕೊಮ್ಮೆ ಅಂದರೆ 4,860 ಲೀಟರ್. ಒಳಗಿನ ಅಳತೆ 6×6, ಆಳ 5 ಅಡಿ ಇದ್ದರೆ ಸುಮಾರು 5,100 ಲೀಟರ್ ಹಿಡಿಯುತ್ತದೆ. ಗಾಡಿ ನಿಲ್ಲಿಸುವ ಜಾಗದ ಕೆಳಗೆ ಇರಲಿ, ಯುಜಿಡಿ ಚೇಂಬರಿನಿಂದ ದೂರ.

ನಾವು ಏನು ಮಾಡಿದೆವು

ಅಣ್ಣನ ಪ್ಲಾಟಿಗೆ ರಸ್ತೆ ಪಶ್ಚಿಮಕ್ಕೆ. ಉತ್ತರದ ಬಾಜು ಮನೆಯವರು ಜಾಗ ಬಿಟ್ಟಿದ್ದರು, ನಾವೂ ಅದೇ ಕಡೆ 3 ಅಡಿ ಬಿಟ್ಟೆವು. ಬೆಳಕಿಂಡಿಯನ್ನು ಅದರ ಎದುರು ಬದಿಗೆ, ಕಿಟಕಿಯೇ ಇಡಲಾಗದ ದಕ್ಷಿಣದ ಗೋಡೆಗೆ ಹಚ್ಚಿದೆವು. ಹೀಗಾಗಿ ನಡುವಿನ ಅಡುಗೆಮನೆಗೆ ಒಂದು ಕಡೆಯಿಂದ ಸಂದಿಯ ಗಾಳಿ, ಇನ್ನೊಂದು ಕಡೆಯಿಂದ ಮೇಲಿನ ಬೆಳಕು. ಪಾವಟಿಗೆ ಮುಂದೆ ನೈಋತ್ಯದ ಮೂಲೆಯಲ್ಲಿ, ಎರಡು ಬಾಗಿಲಿನದು. ವಾಸ್ತು ನೋಡುವ ಅಪ್ಪನಿಗೂ ಅದು ಒಪ್ಪಿಗೆಯಾಯಿತು. ಅಪ್ಪ ಅವ್ವನ ಕೋಣೆ ಹಿಂದೆ, ಪಕ್ಕದಲ್ಲಿ ಬಚ್ಚಲು. ಎರಡನೇ ಬೆಡ್‌ರೂಮು ಕೆಳಗೆ ಇಲ್ಲ, ಮೇಲೆ. ವೈನಿಗೆ, ಅಂದರೆ ಅತ್ತಿಗೆಗೆ, ಮೊದಲು ಬೇಜಾರಾಗಿತ್ತು, ಅದನ್ನೂ ಹೇಳಬೇಕು.

ಪಾಯ ಅಗೆಯುವ ಮುಂಚೆ ಒಂದು ಕೆಲಸ ಮಾಡಿದೆವು, ನೀವೂ ಮಾಡಿ. ಖಾಲಿ ಪ್ಲಾಟಿನಲ್ಲಿ ಸುಣ್ಣದ ಪುಡಿಯಿಂದ ಇಡೀ ನಕ್ಷೆಯನ್ನು ನಿಜವಾದ ಅಳತೆಗೆ ಗೆರೆ ಹಾಕಿಸಿದೆವು, ಗೋಡೆಯ ದಪ್ಪದ ಸಮೇತ. ಮಂಚದ ಜಾಗದಲ್ಲಿ ಚಾಪೆ ಹಾಸಿ ಅಪ್ಪ ಮಲಗಿ ನೋಡಿದರು. ಅಣ್ಣ ಬೈಕು ತಂದು ತಿರುಗಿಸಿ ನಿಲ್ಲಿಸಿದ. ಅವ್ವ ಅಡುಗೆಮನೆಯ ಗೆರೆಯೊಳಗೆ ಹೋಗಿ, ನೆಲದ ಮೇಲೆ ಕೂತು, ಮುಂದೆ ಕೊಣಮಿಗೆ ಇದ್ದ ಹಾಗೆ ರೊಟ್ಟಿ ಬಡಿಯುವಂತೆ ಕೈ ಆಡಿಸಿದಳು. ಅವಳು ನಿಂತು ರೊಟ್ಟಿ ಬಡಿಯುವವಳಲ್ಲ, ಅದಕ್ಕೆ ಕೆಳಗೇ ಜಾಗ ಬೇಕು. ಬಲ ಮೊಣಕೈ ಗೆರೆ ದಾಟಿತು.

"ಇಲ್ಲಿ ಕೈ ಆಡಂಗಿಲ್ಲಪಾ," ಅಂದಳು.

ಗೌಂಡಿ ಅಲ್ಲೇ ಕಾಲಿನಿಂದ ಸುಣ್ಣ ಅಳಿಸಿ, ಗೆರೆಯನ್ನು ಅರ್ಧ ಅಡಿ ಪಡಸಾಲೆಯ ಕಡೆ ಸರಿಸಿದರು. ಅವ್ವ ಮತ್ತೊಮ್ಮೆ ಕೂತು ಕೈ ಆಡಿಸಿ ನೋಡಿದಳು.